ಲಿನಕ್ಸ್‌ಗೆ ಬರಬೇಕು ಅಂತಿದ್ದೇನೆ, ನನಗೆ ಕಣ್ಣು ಕಾಣಿಸುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಇನ್ಸರ್ಟ್‌ಕೀ:

ಎಲ್ಲರಿಗೂ ನಮಸ್ಕಾರ. ನನಗೆ ಪೂರ್ತಿ ಕಣ್ಣು ಕಾಣಿಸುವುದಿಲ್ಲ. ಒಂಬತ್ತು ವರ್ಷದಿಂದ ವಿಂಡೋಸ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆ ಓದಿ ಹೇಳುವ ಪ್ರೋಗ್ರಾಂ) ಬಳಸುತ್ತಿದ್ದೇನೆ, ಕೆಲಸಕ್ಕೇನೂ ತೊಂದರೆ ಇಲ್ಲ. ಆದರೆ ನನ್ನ ಹಳೇ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿದುಹೋಯಿತು. ಯಂತ್ರ ಇನ್ನೂ ಗಟ್ಟಿಮುಟ್ಟಾಗಿದೆ, ಬಿಸಾಕಲು ಮನಸ್ಸಿಲ್ಲ. ಹಾಗಾಗಿ ಲಿನಕ್ಸ್.

ಹುಡುಕಿದ ಕಡೆಯೆಲ್ಲ "ಇದನ್ನು ಹಾಕಿ, ಅದು ಚೆನ್ನಾಗಿದೆ" ಅಂತ ಹೆಸರುಗಳೇ ಸಿಗುತ್ತವೆ. ನನ್ನ ಪ್ರಶ್ನೆ ಅದಲ್ಲ. ಪೆನ್‌ಡ್ರೈವ್ ಚುಚ್ಚಿ ಪವರ್ ಬಟನ್ ಒತ್ತಿದ ಮೇಲೆ ಮೊದಲ ಮಾತು ಕಿವಿಗೆ ಬೀಳುವವರೆಗೆ ನಾನೇನು ಮಾಡಬೇಕು? ಆಮೇಲೆ, ಒಂದು ದಿನ ಮಾತು ನಿಂತೇ ಹೋದರೆ? ಹಗಲು ಹೊತ್ತು ಮನೆಯಲ್ಲಿ ನಾನೊಬ್ಬನೇ. ಸ್ಕ್ರೀನ್ ಮೇಲೆ ಏನು ಬಂದಿದೆ ಅಂತ ಹೇಳುವವರು ಯಾರೂ ಇರುವುದಿಲ್ಲ.

ಟರ್ಮಿನಲ್‌ತಾತ:

ಕೊನೆಗೂ ಸರಿಯಾದ ಪ್ರಶ್ನೆ ಕೇಳಿದವರೊಬ್ಬರು ಸಿಕ್ಕರು. ಯಾವ ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಯಾವ ಬಗೆ ಅನ್ನೋದು ಆಮೇಲಿನ ಮಾತು. ಕುರುಡರಿಗೆ ಕಷ್ಟ ಇರುವುದು ಪವರ್ ಬಟನ್‌ಗೂ ಮೊದಲ ಮಾತಿಗೂ ನಡುವೆ. ನಾನು ನಿಮ್ಮ ಹಾಗೇ, ಹುಟ್ಟಿನಿಂದ ಕಾಣಿಸುವುದಿಲ್ಲ.

ನಾನು ಡೆಬಿಯನ್ ಹಾಕಿ ಅನ್ನುತ್ತೇನೆ, ಕಾರಣ ಇಷ್ಟೇ. ಅದರ ಇನ್‌ಸ್ಟಾಲರ್ ಬೂಟ್ ಮೆನು ಬಂದ ಕೂಡಲೇ ಬೀಪ್ ಹೊಡೆಯುತ್ತದೆ. ಯಂತ್ರವನ್ನು ಮೊದಲು ಎಬ್ಬಿಸುವ ಒಳಪ್ರೋಗ್ರಾಂ ಹಳೇ ಬಯಾಸ್ ಆದರೆ ಒಂದು ಬೀಪ್, ಹೊಸ ಯುಇಎಫ್‌ಐ ಆದರೆ ಎರಡು. ಬೀಪ್ ಕೇಳಿದ ಮೇಲೆ ಎಸ್ ಒತ್ತಿ ಎಂಟರ್ ಕೊಡಿ, ಮಾತಾಡುವ ಇನ್‌ಸ್ಟಾಲರ್ ಶುರುವಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬೀಪ್ ಹೊಡೆಯುವ ಸ್ಪೀಕರೇ ಇಲ್ಲದಿದ್ದರೆ? ಸುಮ್ನೆ ಕೂತಿರಿ. ಅರ್ಧ ನಿಮಿಷ ಯಾರೂ ಕೀ ಮುಟ್ಟದಿದ್ದರೆ ತಾನೇ ಮಾತಾಡಲು ಶುರು ಮಾಡುತ್ತದೆ. ಕಾಣಿಸುವವರು ಬೇಕಾದರೆ ಬಟನ್ ಒತ್ತಿ ಆರಿಸಿಕೊಳ್ಳಲಿ, ಏನೂ ಮಾಡದೆ ಕಾಯುವವನು ಕುರುಡನೇ ಇರಬೇಕು ಅಂತ ಯಾರೋ ಪುಣ್ಯಾತ್ಮರು ಯೋಚಿಸಿದ್ದಾರೆ ನೋಡಿ.

ಎರಡು ಸೌಂಡ್ ಕಾರ್ಡ್ ಇದ್ದರೆ ಒಂದೊಂದರಿಂದಲೂ ಮಾತಾಡಿ ಕೇಳುತ್ತದೆ. ನಿಮ್ಮ ಕಿವಿಗೆ ಯಾವಾಗ ಬಿತ್ತೋ ಆಗ ಎಂಟರ್ ಒತ್ತಿ. ಮೊದಲ ಪ್ರಶ್ನೆ ಭಾಷೆಯದು, ಅದು ಇಂಗ್ಲಿಷ್‌ನಲ್ಲೇ ಇರುತ್ತದೆ. ಓದುವ ವೇಗ ಎಮ್ಮೆ ನಡಿಗೆ. ಕ್ಯಾಪ್ಸ್ ಲಾಕ್ ಹಿಡಿದು 6 ಒತ್ತಿದರೆ ವೇಗ ಹೆಚ್ಚುತ್ತದೆ, 5 ಒತ್ತಿದರೆ ನಿಧಾನ. 2 ಸದ್ದು ಹೆಚ್ಚಿಸಲು, 1 ಕಡಿಮೆ ಮಾಡಲು. ಉತ್ತರಗಳಿಗೆಲ್ಲ ನಂಬರ್ ಇರುತ್ತದೆ, ನಂಬರ್ ಹೊಡೆದು ಎಂಟರ್. ತಪ್ಪು ಮಾಡಿದೆ ಅನ್ನಿಸಿದರೆ 'ಲೆಸ್ ದ್ಯಾನ್' ಚಿಹ್ನೆ ಹೊಡೆದು ಎಂಟರ್ ಕೊಡಿ, ಹಿಂದಿನ ಪ್ರಶ್ನೆಗೆ ಹೋಗುತ್ತದೆ.

ಒಂದು ಜಾಗದಲ್ಲಿ ಮಾತ್ರ ನಿಧಾನ ಮಾಡಿ. ಡಿಸ್ಕ್‌ಗೆ ಬರೆಯಲೇ ಅಂತ ಕೇಳುವಾಗ ಸುಮ್ನೆ ಎಂಟರ್ ಒತ್ತಿದರೆ "ಬೇಡ" ಅಂತಲೇ ಲೆಕ್ಕ. ಹೌದು ಅಂತ ನೀವೇ ಹೇಳಬೇಕು. ಹೇಳುವ ಮುಂಚೆ ಡಿಸ್ಕ್‌ನ ಸೈಜ್ ಎರಡು ಸಲ ಕೇಳಿಸಿಕೊಳ್ಳಿ. ನಾನು ಒಮ್ಮೆ ಟರ್ಮಿನಲ್‌ನಲ್ಲಿ ಡಿಸ್ಕ್‌ಗೆ ನೇರ ಬರೆಯುವ 'ಡಿಡಿ' ಕಮಾಂಡ್ ಹೊಡೆಯುವಾಗ ಡಿಸ್ಕ್ ಹೆಸರಿನ ಕೊನೇ ಅಕ್ಷರ ಬಿ ಬದಲು ಸಿ ಹಾಕಿ, ಪೆನ್‌ಡ್ರೈವ್‌ಗೆ ಹೋಗಬೇಕಿದ್ದ ಇಮೇಜನ್ನು ಬ್ಯಾಕಪ್ ಡಿಸ್ಕ್ ಮೇಲೆ ಬರೆದುಬಿಟ್ಟೆ. ಆರು ವರ್ಷದ ರೆಕಾರ್ಡಿಂಗ್‌ಗಳು ಹೋದವು. ಧ್ವನಿಯಲ್ಲಿ ಬಿ, ಸಿ, ಡಿ ಎಲ್ಲ ಒಂದೇ ಥರ ಕೇಳಿಸುತ್ತದೆ ಅಲ್ವಾ. ಅವತ್ತಿನಿಂದ ಅಕ್ಷರ ನಂಬುವುದಿಲ್ಲ, ಸೈಜ್ ನಂಬುತ್ತೇನೆ.

ಇನ್ನೊಂದು, ಇದನ್ನು ಮರೆಯಬೇಡಿ. ಸಾಫ್ಟ್‌ವೇರ್ ಆಯ್ಕೆ ಬಂದಾಗ ಎಸ್‌ಎಸ್‌ಎಚ್ ಸರ್ವರ್ ಅಂತ ಒಂದು ಇರುತ್ತದೆ (ಬೇರೆ ಯಂತ್ರದಿಂದ ಇದರೊಳಗೆ ಬರುವ ದಾರಿ), ಅದರ ನಂಬರ್ ಕೂಡ ಸೇರಿಸಿ. ಯಾಕೆ ಅಂತ ಈಗ ಕೇಳಬೇಡಿ.

ಅರ್ಧಬೆಳಕು:

ತಾತ ಯಾವಾಗಲೂ ನೇರ ಬಾವಿಗೆ ತಳ್ಳಿ ಈಜು ಕಲಿಸುವವರು. 🙂 ನನಗೆ ಸ್ವಲ್ಪ ದೃಷ್ಟಿ ಇದೆ, ಆದರೂ ದಿನವಿಡೀ ಕೆಲಸ ಲಿನಕ್ಸ್‌ನ ಸ್ಕ್ರೀನ್ ರೀಡರ್ ಓರ್ಕಾದಲ್ಲೇ. ಹೊಸಬರಿಗೆ ನನ್ನ ಸಲಹೆ ಬೇರೆ. ಮೊದಲು ವಿಂಡೋಸ್ ಒಳಗೇ ವರ್ಚುವಲ್‌ಬಾಕ್ಸ್‌ನಲ್ಲಿ (ಯಂತ್ರದೊಳಗೊಂದು ನಕಲಿ ಯಂತ್ರ) ಉಬುಂಟು ಅಥವಾ ಫೆಡೋರಾವನ್ನು ಇನ್‌ಸ್ಟಾಲ್ ಮಾಡದೆಯೇ ಲೈವ್ ಓಡಿಸಿ. ಏನೂ ಅಳಿಸುವುದಿಲ್ಲ, ಕೆಟ್ಟರೆ ಕಿಟಕಿ ಮುಚ್ಚಿದರೆ ಮುಗಿಯಿತು. ಡೆಸ್ಕ್‌ಟಾಪ್ ಬಂದಿರಬಹುದು ಅನ್ನಿಸಿದಾಗ ವಿಂಡೋಸ್ ಕೀ, ಆಲ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ. ಓರ್ಕಾ ಮಾತಾಡುತ್ತದೆ. ಮತ್ತೆ ಒತ್ತಿದರೆ ನಿಲ್ಲುತ್ತದೆ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಇರುವ ಕಡೆಯೆಲ್ಲ ಇದೇ ಕೀ, ಲಾಗಿನ್ ಪರದೆಯಲ್ಲೂ ಇದೇ. ಮಾಟೆ, ಸಿನಮನ್, ಕೆಡಿಇ ಪ್ಲಾಸ್ಮಾದಲ್ಲೂ ಇದನ್ನೇ ಇಟ್ಟಿದ್ದಾರೆ.

ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ತಮಾಷೆ ನಡೆಯುತ್ತದೆ. ಒಳಗೆ ಓರ್ಕಾ ಮಾತಾಡುತ್ತಿರುತ್ತದೆ, ಹೊರಗೆ ಎನ್‌ವಿಡಿಎ. ಇಬ್ಬರ ಕಮಾಂಡ್‌ಗೂ ಇನ್ಸರ್ಟ್ ಕೀಯೇ ಬೇಕು, ಕಿವಿಯೊಳಗೆ ಸಂತೆ. ಆ ಕಿಟಕಿಯಲ್ಲಿ ಇದ್ದಾಗ ಎನ್‌ವಿಡಿಎ ಕೀ ಜೊತೆ ಶಿಫ್ಟ್ ಮತ್ತು ಎಸ್ ಒತ್ತಿದರೆ ಎನ್‌ವಿಡಿಎ ಅಲ್ಲಿ ಮಾತ್ರ ಮಲಗುತ್ತದೆ. ಲ್ಯಾಪ್‌ಟಾಪ್ ಲೇಔಟ್ ಆದರೆ ಎಸ್ ಬದಲು ಜೆಡ್. ಬೇರೆ ಕಿಟಕಿಗೆ ಬಂದ ತಕ್ಷಣ ಎದ್ದುಕೊಳ್ಳುತ್ತದೆ.

ಟರ್ಮಿನಲ್‌ತಾತ:

ವರ್ಚುವಲ್ ಯಂತ್ರ ಬೇಡ ಅನ್ನುವುದಿಲ್ಲ. ಆದರೆ ಅದು ಕಲಿಸುವುದು ಅರ್ಧ ಮಾತ್ರ. ಬಯಾಸ್ ಇಲ್ಲ, ವೈಫೈ ಇಲ್ಲ, ಸೌಂಡ್ ಕಾರ್ಡ್‌ನ ರಗಳೆ ಇಲ್ಲ. ನಿಜವಾದ ಲ್ಯಾಪ್‌ಟಾಪ್‌ನಲ್ಲಿ ನಮ್ಮನ್ನು ಕೊಲ್ಲುವುದು ಆ ಮೂರೇ.

ಅರ್ಧಬೆಳಕು:

ವೈಫೈ ಈಗ ಅಷ್ಟು ಕಷ್ಟ ಇಲ್ಲ ತಾತ. 2023ರ ಡೆಬಿಯನ್ 12ರಿಂದ ವೈಫೈ ಕಾರ್ಡ್‌ಗೆ ಬೇಕಾದ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ನೀವು ಹಳೇ ಕಾಲದಲ್ಲೇ ಇದ್ದೀರಿ. ಬಯಾಸ್ ವಿಷಯ ಮಾತ್ರ ಒಪ್ಪುತ್ತೇನೆ, ಅದು ಇವತ್ತಿಗೂ ಮೂಕ.

ಅದಕ್ಕೆ ದಾರಿ ಹೇಳುತ್ತೇನೆ. ವಿಂಡೋಸ್ ಇನ್ನೂ ಇದ್ದರೆ, ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ, ಬರುವ ಮೆನುವಿನಲ್ಲಿ 'ಯೂಸ್ ಎ ಡಿವೈಸ್' ಆರಿಸಿದರೆ ಸಾಕು, ಬಯಾಸ್ ಒಳಗೆ ಹೋಗದೆಯೇ ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ. ಎಲ್ಲ ಯಂತ್ರದಲ್ಲೂ ಆ ಆಯ್ಕೆ ಕಾಣಿಸದೆ ಇರಬಹುದು. ಆಗ ಮೊಬೈಲ್ ಕ್ಯಾಮೆರಾ ಹಿಡಿದು ಅಕ್ಷರ ಓದಿಸುವುದು, ಇಲ್ಲಾ ಬಿ ಮೈ ಐಸ್ ಆ್ಯಪ್‌ನಲ್ಲಿ ಕಣ್ಣು ಕಾಣಿಸುವ ಯಾರಿಗಾದರೂ ಕರೆ ಮಾಡುವುದು. ಒಮ್ಮೆ ಸರಿಯಾದರೆ ಎಷ್ಟು ಸಲ ಕೆಳಗಿನ ಬಾಣ ಒತ್ತಿದಿರಿ ಅಂತ ಬರೆದಿಟ್ಟುಕೊಳ್ಳಿ. ನನ್ನದು ಎಫ್12, ಎರಡು ಸಲ ಕೆಳಗೆ, ಎಂಟರ್. ಫೋನ್ ನಂಬರ್ ಥರ ನೆನಪಿದೆ.

ಹೊಸಕೋಡ್:

ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಎನ್‌ವಿಡಿಎ ಕೂಡ ಓಪನ್ ಸೋರ್ಸ್ ಅಲ್ವಾ? ಅದನ್ನೇ ಲಿನಕ್ಸ್‌ನಲ್ಲಿ ಹಾಕಲು ಆಗುವುದಿಲ್ಲವೇ?

ಟರ್ಮಿನಲ್‌ತಾತ:

ಆಗುವುದಿಲ್ಲ. ಕೋಡ್ ತೆರೆದಿದ್ದರೂ ಅದು ಪೂರ್ತಿ ವಿಂಡೋಸ್‌ನ ಒಳಬಾಗಿಲುಗಳಿಗೇ ಕಟ್ಟಿದ್ದು. ಲಿನಕ್ಸ್‌ನಲ್ಲಿ ಬಾಗಿಲೇ ಬೇರೆ, ಎಟಿ-ಎಸ್‌ಪಿಐ ಅಂತ. ಆ್ಯಪ್ ಅದಕ್ಕೆ ಹೇಳುತ್ತದೆ, ಓರ್ಕಾ ಅಲ್ಲಿ ಕಿವಿಗೊಟ್ಟು ಕೇಳಿ ಸ್ಪೀಚ್ ಡಿಸ್ಪ್ಯಾಚರ್‌ಗೆ ದಾಟಿಸುತ್ತದೆ, ಅದು ಅಕ್ಷರವನ್ನು ಧ್ವನಿ ಮಾಡುವ ಇ-ಸ್ಪೀಕ್ ಎನ್‌ಜಿಗೆ, ಅಲ್ಲಿಂದ ಸದ್ದು ಹಂಚುವ ಪೈಪ್‌ವೈರ್‌ಗೆ, ಕೊನೆಗೆ ಸೌಂಡ್ ಕಾರ್ಡ್. ಐದಾರು ಕೈ ದಾಟಿ ನಿಮ್ಮ ಕಿವಿಗೆ ಬರುವ ಮಾತು ಅದು. ಈ ಸಾಲನ್ನು ಇನ್ಸರ್ಟ್‌ಕೀ ಅವರೂ ನೆನಪಿಟ್ಟುಕೊಳ್ಳಲಿ, ಮಾತು ನಿಂತಾಗ ಯಾವ ಕೈ ಜಾರಿತು ಅಂತ ಹುಡುಕಬೇಕಲ್ಲ.

ಇನ್ನು ಎಲ್ಲರೂ ಓರ್ಕಾ ಅನ್ನುತ್ತಿದ್ದಾರೆ. ಚಿತ್ರದ ಡೆಸ್ಕ್‌ಟಾಪೇ ಬೇಡ ಅನ್ನುವವರೂ ಇದ್ದೇವೆ. ಬರೀ ಅಕ್ಷರಗಳ ಕನ್ಸೋಲ್‌ಗೆ ಸ್ಪೀಕಪ್ ಎಂಬ ಸ್ಕ್ರೀನ್ ರೀಡರ್ ಇದೆ, ಅದು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಕೂತಿದೆ. ಹೊಸದು ಬೇಕಾದರೆ ಫೆನ್ರಿರ್. ಇಮ್ಯಾಕ್ಸ್ ಎಂಬ ಎಡಿಟರ್ ಒಳಗೇ ಜೀವನ ಮಾಡುವವರಿಗೆ ಟಿ. ವಿ. ರಾಮನ್ ಅವರ ಇಮ್ಯಾಕ್‌ಸ್ಪೀಕ್. ರಾಮನ್ ಅವರಿಗೂ ಕಣ್ಣು ಕಾಣಿಸುವುದಿಲ್ಲ, 1995ರಲ್ಲಿ ಅದನ್ನು ಹೊರತಂದರು. ಓರ್ಕಾ ಗ್ನೋಮ್‌ಗೆ ಸೇರಿದ್ದು 2006ರಲ್ಲಿ. ಅಂದರೆ ಕಿಟಕಿಗಳು ಮಾತಾಡಲು ಕಲಿಯುವ ಎಷ್ಟೋ ಮೊದಲೇ ಅಕ್ಷರಗಳು ಮಾತಾಡುತ್ತಿದ್ದವು.

ಅರ್ಧಬೆಳಕು:

ಶುರುವಾಯಿತು. ಹೊಸಬರನ್ನು ಮೊದಲ ದಿನವೇ ಇಮ್ಯಾಕ್ಸ್‌ಗೆ ಕಳಿಸಬೇಡಿ ಮಾರಾಯ್ರೇ, ಓಡಿಹೋಗುತ್ತಾರೆ. ಅವರಿಗೆ ಫೈರ್‌ಫಾಕ್ಸ್, ಥಂಡರ್‌ಬರ್ಡ್, ಲಿಬ್ರೆಆಫೀಸ್ ಸಾಕು. ಮೂರೂ ಓರ್ಕಾ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತವೆ.

ಇನ್ಸರ್ಟ್‌ಕೀ:

ಡೆಬಿಯನ್ 13 ಹಾಕಿದೆ, ಗ್ನೋಮ್ ಆರಿಸಿದೆ. ತಾತ ಹೇಳಿದ್ದೆಲ್ಲ ಹಾಗೇ ಆಯಿತು. ನನ್ನದರಲ್ಲಿ ಬೀಪ್ ಬರಲಿಲ್ಲ, ಕೈ ಕಟ್ಟಿಕೊಂಡು ಕೂತೆ, ಮೂವತ್ತು ಎಣಿಸುವಷ್ಟರಲ್ಲಿ ಸ್ಪೀಕರ್ ಕರ್ ಅಂದು ಇಂಗ್ಲಿಷ್‌ನಲ್ಲಿ ಮಾತು ಬಂತು. ನಿಜ ಹೇಳಲೇ, ಆ ಒರಟು ಧ್ವನಿ ಕೇಳಿ ಇಷ್ಟು ಖುಷಿ ಆಗುತ್ತದೆ ಅಂದುಕೊಂಡಿರಲಿಲ್ಲ. ಇನ್‌ಸ್ಟಾಲ್ ಪೂರ್ತಿ ನಾನೊಬ್ಬನೇ ಮಾಡಿದೆ.

ಈಗ ತೊಂದರೆ. ರೀಸ್ಟಾರ್ಟ್ ಆದ ಮೇಲೆ ಸದ್ದೇ ಇಲ್ಲ. ಐದು ನಿಮಿಷ ಕಾದೆ. ವಿಂಡೋಸ್ ಕೀ, ಆಲ್ಟ್, ಎಸ್ ಒತ್ತಿದೆ, ಮತ್ತೆ ಒತ್ತಿದೆ. ಎಷ್ಟು ಸಲ ಒತ್ತಿದೆನೋ, ಈಗ ಓರ್ಕಾ ಆನ್ ಇದೆಯೋ ಆಫ್ ಇದೆಯೋ ನನಗೇ ಗೊತ್ತಿಲ್ಲ. ಮೊಬೈಲ್‌ನಿಂದ ಬರೆಯುತ್ತಿದ್ದೇನೆ.

ಟರ್ಮಿನಲ್‌ತಾತ:

ಕೈ ತೆಗೆಯಿರಿ ಕೀಬೋರ್ಡ್‌ನಿಂದ. ಆ ಕೀ ಒತ್ತುತ್ತಲೇ ಇದ್ದರೆ ಇನ್ನೂ ಗೊಂದಲ. ಕುರುಡು ಯಂತ್ರದ ಮುಂದೆ ಕೂತ ಕುರುಡ ಮೊದಲು ಕಲಿಯಬೇಕಾದ್ದು ಎಲ್ಲಿ ನಿಂತಿದ್ದೇನೆ ಅಂತ ತಿಳಿದುಕೊಳ್ಳುವುದು.

ಪಾಸ್‌ವರ್ಡ್ ಹೊಡೆದು ಒಳಗೆ ಹೋಗಿದ್ದೀರಾ? ಇಲ್ಲದಿದ್ದರೆ ಎಂಟರ್ ಒತ್ತಿ, ಎರಡು ಸೆಕೆಂಡ್ ಬಿಟ್ಟು ಪಾಸ್‌ವರ್ಡ್, ಮತ್ತೆ ಎಂಟರ್. ಆಮೇಲೆ ವಾಲ್ಯೂಮ್ ಹೆಚ್ಚಿಸುವ ಕೀ ಒತ್ತಿ ನೋಡಿ. ಗ್ನೋಮ್‌ನಲ್ಲಿ ವಾಲ್ಯೂಮ್ ಬದಲಾದಾಗ ಟಪ್ ಅಂತ ಸಣ್ಣ ಸದ್ದು ಬರುತ್ತದೆ. ಟಪ್ ಬಂದರೆ ಸೌಂಡ್ ಸರಿಯಿದೆ, ಓರ್ಕಾ ಕೈ ಕೊಟ್ಟಿದೆ. ಆಗ ಆಲ್ಟ್ ಎಫ್2 ಒತ್ತಿ, 'ಓರ್ಕಾ, ಸ್ಪೇಸ್, ಡ್ಯಾಶ್ ಡ್ಯಾಶ್, ರಿಪ್ಲೇಸ್' ಅಂತ ಹೊಡೆದು ಎಂಟರ್. ಓರ್ಕಾ ಆನ್ ಇದ್ದರೂ ಆಫ್ ಇದ್ದರೂ ಹೊಸದಾಗಿ ಏಳುತ್ತದೆ. ಟಪ್ ಕೂಡ ಬರಲಿಲ್ಲ ಅಂದರೆ ಸೌಂಡೇ ಬೇರೆಲ್ಲೋ ಹೋಗುತ್ತಿದೆ.

ಇನ್ಸರ್ಟ್‌ಕೀ:

ಟಪ್ ಇಲ್ಲ.

ಟರ್ಮಿನಲ್‌ತಾತ:

ಎಸ್‌ಎಸ್‌ಎಚ್ ಸೇರಿಸಿ ಅಂದಿದ್ದೆ. ಸೇರಿಸಿದ್ದೀರಾ?

ಇನ್ಸರ್ಟ್‌ಕೀ:

ಸೇರಿಸಿದ್ದೇನೆ.

ಟರ್ಮಿನಲ್‌ತಾತ:

ಹಾಗಾದರೆ ನಿಮ್ಮ ಲಿನಕ್ಸ್ ಮೂಕ ಅಷ್ಟೇ, ಕೈಗೆ ಸಿಗುತ್ತದೆ. ಮೊಬೈಲ್‌ನಲ್ಲಿ ಯಾವುದಾದರೂ ಎಸ್‌ಎಸ್‌ಎಚ್ ಆ್ಯಪ್ ಹಾಕಿ. ಎರಡೂ ಒಂದೇ ವೈಫೈನಲ್ಲಿರಬೇಕು. ಯಂತ್ರಕ್ಕೆ ಇಟ್ಟ ಹೆಸರು, ಡಾಟ್, ಲೋಕಲ್, ಇದೇ ವಿಳಾಸ. ಹೆಸರು ಕೇಳಿದಾಗ ಸುಮ್ನೆ ಎಂಟರ್ ಒತ್ತಿದ್ದರೆ ಅದು 'ಡೆಬಿಯನ್' ಅಂತಲೇ ಇರುತ್ತದೆ. ಒಳಗೆ ಹೋಗಿ 'ಡಬ್ಲ್ಯುಪಿಸಿಟಿಎಲ್ ಸ್ಟೇಟಸ್' ಹೊಡೆಯಿರಿ. ಮರದ ಕೊಂಬೆ ಥರ ಗೆರೆಗಳನ್ನು ಬಿಡಿಸಿರುತ್ತದೆ, ಮೊಬೈಲ್‌ನ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಅದನ್ನೆಲ್ಲ ಓದಿ ತಲೆ ತಿನ್ನುತ್ತದೆ, ಸಹಿಸಿಕೊಳ್ಳಿ. 'ಸಿಂಕ್ಸ್' ಅನ್ನುವ ಪದ ಹುಡುಕಿ, ಸದ್ದು ಹೊರಹೋಗುವ ದಾರಿಗಳ ಪಟ್ಟಿ ಅದು. ಅದರ ಕೆಳಗೆ ನಕ್ಷತ್ರ ಚಿಹ್ನೆ ಇರುವ ಸಾಲು ಯಾವುದು?

ಇನ್ಸರ್ಟ್‌ಕೀ:

ಸಿಕ್ಕಿತು! ನಕ್ಷತ್ರ ಇರುವುದು ಎಚ್‌ಡಿಎಂಐ ಸಾಲಿನ ಮೇಲೆ. ನನ್ನ ತಮ್ಮ ರಾತ್ರಿ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿದ್ದ, ಕೇಬಲ್ ಹಾಗೇ ಬಿಟ್ಟುಹೋಗಿದ್ದಾನೆ. ಅಂದರೆ ಇಷ್ಟು ಹೊತ್ತು ಓರ್ಕಾ ಪಾಪ ಆರಿದ ಟಿವಿಗೆ ಕಥೆ ಹೇಳುತ್ತಿತ್ತು. 'ಡಬ್ಲ್ಯುಪಿಸಿಟಿಎಲ್ ಸೆಟ್ ಡ್ಯಾಶ್ ಡೀಫಾಲ್ಟ್' ಹೊಡೆದು ಇನ್ನೊಂದು ಸಾಲಿನ ನಂಬರ್ ಕೊಟ್ಟೆ. ಕಮಾಂಡ್ ಮುಗಿಯುವಷ್ಟರಲ್ಲಿ ಲ್ಯಾಪ್‌ಟಾಪ್ ಪಕ್ಕದಿಂದ ಮಾತಾಡಿತು. ಬೆಚ್ಚಿಬಿದ್ದೆ.

ಅರ್ಧಬೆಳಕು:

ತಾತ, ಇದು ಚೆನ್ನಾಗಿತ್ತು. ಎಸ್‌ಎಸ್‌ಎಚ್ ವಿಷಯ ನನಗೂ ಹೊಳೆದಿರಲಿಲ್ಲ. ನಾನು ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಇಟ್ಟುಕೊಂಡಿದ್ದೇನೆ, ಬೆರಳುದ್ದದ್ದು. ಒಳಗಿನ ಕಾರ್ಡ್ ಹಠ ಮಾಡಿದರೆ ಅದನ್ನು ಚುಚ್ಚುತ್ತೇನೆ, ಸಾಮಾನ್ಯವಾಗಿ ಗುರುತು ಹಿಡಿಯುತ್ತದೆ.

ಬ್ರೈಲ್‌ಬೆರಳು:

ನೀವೆಲ್ಲ ಮಾತನ್ನೇ ನಂಬಿ ಕೂತರೆ ಹೀಗೇ. ನನಗೆ ಕಿವಿಯೂ ಸ್ವಲ್ಪ ಮಂದ, ಆದ್ದರಿಂದ ಬೆರಳಿಗೆ ಚುಕ್ಕಿ ಎಬ್ಬಿಸಿ ಓದಿಸುವ ಬ್ರೈಲ್ ಡಿಸ್‌ಪ್ಲೇ. ಅದನ್ನು ನಡೆಸುವ ಬಿಆರ್‌ಎಲ್‌ಟಿಟಿವೈ ಅನ್ನುವ ಪ್ರೋಗ್ರಾಂ ಡೆಬಿಯನ್ ಇನ್‌ಸ್ಟಾಲರ್‌ನಲ್ಲೇ ಇದೆ. ಯುಎಸ್‌ಬಿ ಡಿಸ್‌ಪ್ಲೇ ಮೊದಲೇ ಚುಚ್ಚಿಟ್ಟರೆ ಹೆಚ್ಚಿನವನ್ನು ತಾನೇ ಗುರುತಿಸಿಕೊಳ್ಳುತ್ತದೆ. ಸೌಂಡ್ ಸತ್ತರೆ ನನಗೆ ಗೊತ್ತಾಗುವುದೇ ಇಲ್ಲ. ಕನ್ನಡ ಬ್ರೈಲ್‌ಗೆ ಅಕ್ಷರವನ್ನು ಬ್ರೈಲ್‌ಗೆ ಬದಲಿಸುವ ಲಿಬ್‌ಲೂಯಿ ಒಳಗೆ ಟೇಬಲ್ ಇದೆ, ಓರ್ಕಾ ಸೆಟ್ಟಿಂಗ್‌ನ ಬ್ರೈಲ್ ಪುಟದಲ್ಲಿ ಆರಿಸಿಕೊಳ್ಳಿ. ಡಿಸ್‌ಪ್ಲೇ ದುಬಾರಿ, ಎಲ್ಲರಿಗೂ ಆಗುವುದಿಲ್ಲ, ಅದು ಗೊತ್ತಿದೆ. ಇದ್ದವರು ಬಳಸಲಿ ಅಂತ ಹೇಳಿದೆ.

ಇನ್ಸರ್ಟ್‌ಕೀ:

ಮೂರು ವಾರ ಆಯಿತು. ಅನುಭವ ಬರೆಯುತ್ತೇನೆ, ನನ್ನ ಹಿಂದೆ ಬರುವವರಿಗೆ ಆಗಲಿ.

ವೆಬ್ ಓದುವುದು ಅಂದುಕೊಂಡದ್ದಕ್ಕಿಂತ ಸುಲಭ. ಹೆಡ್ಡಿಂಗ್‌ಗೆ ಎಚ್, ಲಿಂಕ್‌ಗೆ ಕೆ, ಬಟನ್‌ಗೆ ಬಿ, ಟೇಬಲ್‌ಗೆ ಟಿ, ಎಲ್ಲ ಎನ್‌ವಿಡಿಎ ಥರವೇ. ನಂಬರ್ ಪ್ಯಾಡ್‌ನಲ್ಲಿ ಸಾಲು, ಪದ, ಅಕ್ಷರ ಓದುವುದೂ ಹಾಗೇ. ಪುಟದ ಹೆಡ್ಡಿಂಗ್‌ಗಳೆಲ್ಲ ಪಟ್ಟಿಯಾಗಿ ಬೇಕಾದರೆ ಆಲ್ಟ್, ಶಿಫ್ಟ್, ಎಚ್. ಕೈ ತಪ್ಪುವುದು ಒಂದೇ ಕಡೆ. ಫಾರ್ಮ್ ತುಂಬುವಾಗ, ಓದುವ ಮೋಡ್‌ನಿಂದ ಟೈಪ್ ಮಾಡುವ ಮೋಡ್‌ಗೆ ಹೋಗಲು ಅಭ್ಯಾಸ ಬಲದಿಂದ ಇನ್ಸರ್ಟ್ ಸ್ಪೇಸ್ ಒತ್ತುತ್ತೇನೆ, ಪ್ರತಿ ಸಲ ಓರ್ಕಾ ಸೆಟ್ಟಿಂಗ್ ಕಿಟಕಿ ತೆರೆದುಕೊಂಡು ಬಂದು ಎದುರು ನಿಲ್ಲುತ್ತದೆ. ಇಲ್ಲಿ ಆ ಕೆಲಸಕ್ಕೆ ಇನ್ಸರ್ಟ್ ಎ. ಮೂರು ವಾರ ಆದರೂ ಬೆರಳು ಕೇಳುತ್ತಿಲ್ಲ.

ಗೊತ್ತಿಲ್ಲದ ಕೀ ಇದ್ದರೆ ಇನ್ಸರ್ಟ್ ಎಚ್ ಒತ್ತಿ. ಆಮೇಲೆ ಯಾವ ಕೀ ಒತ್ತಿದರೂ ಅದು ಏನು ಮಾಡುತ್ತದೆ ಅಂತ ಹೇಳುತ್ತದೆ, ಮಾಡುವುದಿಲ್ಲ. ಎಸ್ಕೇಪ್ ಒತ್ತಿದರೆ ಹೊರಗೆ. ಒಂದು ಸಂಜೆ ಪೂರ್ತಿ ಅದರಲ್ಲೇ ಆಡಿದೆ.

ಕನ್ನಡ ಧ್ವನಿಗೆ ಇ-ಸ್ಪೀಕ್‌ನದನ್ನೇ ಇಟ್ಟುಕೊಂಡಿದ್ದೇನೆ. ತಗಡಿನ ಡಬ್ಬದೊಳಗಿಂದ ಮಾತಾಡಿದ ಹಾಗಿರುತ್ತದೆ, ಆದರೆ ಕೀ ಒತ್ತಿದ ತಕ್ಷಣ ಉತ್ತರ ಬರುತ್ತದೆ, ವೇಗ ಏರಿಸಿದರೂ ಅಕ್ಷರ ನುಂಗುವುದಿಲ್ಲ. ಟೈಪ್ ಮಾಡಲು ಐಬಸ್ ಎಂಬ ಟೈಪಿಂಗ್ ಪ್ರೋಗ್ರಾಂನಲ್ಲಿ ಕೆಜಿಪಿ ಲೇಔಟ್ ಸಿಕ್ಕಿತು, ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸುತ್ತೇನೆ.

ಬೇಜಾರಾದ ವಿಷಯವೂ ಇದೆ. ಕೆಲವು ಆ್ಯಪ್ ತೆರೆದರೆ ಓರ್ಕಾ ಬರೀ "ಬಟನ್, ಬಟನ್, ಬಟನ್" ಅನ್ನುತ್ತದೆ. ಏನು ಬಟನ್ ಅಂತ ಮಾಡಿದವರು ಹೆಸರೇ ಇಟ್ಟಿಲ್ಲ.

ಅರ್ಧಬೆಳಕು:

ಅದಕ್ಕೆ ಆ ಆ್ಯಪ್‌ನವರಿಗೆ ಬರೆದು ಹೇಳುವುದೇ ದಾರಿ. "ಕೆಲಸ ಮಾಡುತ್ತಿಲ್ಲ" ಅಂತ ಬರೆಯಬೇಡಿ. ಟೂಲ್‌ಬಾರ್‌ನ ಎಡದಿಂದ ಮೂರನೇ ಬಟನ್‌ಗೆ ಹೆಸರಿಲ್ಲ, ಓರ್ಕಾ ಹೀಗೆ ಓದುತ್ತದೆ ಅಂತ ಬರೆಯಿರಿ. ನಾನು ಹಾಗೆ ಬರೆದ ಒಂದು ಪತ್ರಕ್ಕೆ ಮುಂದಿನ ಆವೃತ್ತಿಯಲ್ಲೇ ಹೆಸರು ಬಂತು. ಇನ್ನೊಂದಕ್ಕೆ ಎರಡು ವರ್ಷದಿಂದ ಉತ್ತರವಿಲ್ಲ.

ಅಂದ ಹಾಗೆ, ನೀವು 13 ಹಾಕಿದ್ದು ಒಳ್ಳೆಯದಾಯಿತು. ಅದರಲ್ಲಿ ಗ್ನೋಮ್ 48 ಇದೆ. ಅದಕ್ಕೂ ಮೊದಲು ವೇಲ್ಯಾಂಡ್‌ನಲ್ಲಿ (ಪರದೆ ಮೇಲೆ ಕಿಟಕಿಗಳನ್ನು ತೋರಿಸುವ ವ್ಯವಸ್ಥೆ) ಇನ್ಸರ್ಟ್ ಬದಲು ಕ್ಯಾಪ್ಸ್ ಲಾಕನ್ನು ಓರ್ಕಾ ಕೀ ಮಾಡಿಕೊಂಡರೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಇನ್ಸರ್ಟ್ ಕೀ ಮೂಲೆಯಲ್ಲಿರುವ ಲ್ಯಾಪ್‌ಟಾಪ್‌ನವರು ಅದರಿಂದ ತುಂಬ ಒದ್ದಾಡಿದ್ದೇವೆ.

ತಂಗಿಗಾಗಿ:

ನನಗೆ ಕಣ್ಣು ಕಾಣುತ್ತದೆ. ತಂಗಿಗೆ ಕಾಣುವುದಿಲ್ಲ, ಅವಳ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಡಬೇಕು ಅಂತಿದ್ದೇನೆ. ಮೌಸ್‌ನಲ್ಲಿ ಬೇಗ ಬೇಗ ಎಲ್ಲ ಸೆಟ್ ಮಾಡಿ ಕೊಟ್ಟುಬಿಡಲೇ?

ಟರ್ಮಿನಲ್‌ತಾತ:

ಬೇಡ ಅಕ್ಕ. ಅಥವಾ ಅಣ್ಣ. ಮೌಸ್ ತೆಗೆದಿಡಿ. ಅವಳ ಪಕ್ಕ ಕೂತು ಅವಳ ಕೈಯಲ್ಲೇ ಮಾಡಿಸಿ, ನೀವು ಬಯಾಸ್ ಪರದೆ ಮಾತ್ರ ಓದಿ ಹೇಳಿ. ನೀವು ಮೌಸ್‌ನಲ್ಲಿ ಮಾಡಿದ ಒಂದೊಂದು ಕೆಲಸವೂ ಅವಳಿಗೆ ಗೊತ್ತಿಲ್ಲದ ಒಂದೊಂದು ಬೀಗ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವುದಿದ್ದರೆ ಅವಳನ್ನು ಕೇಳಿ ಮಾಡಿ. ಅದರ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಮಾತು ಇನ್ನೂ ಎದ್ದಿರುವುದಿಲ್ಲ, ಸೆಕೆಂಡ್ ಎಣಿಸಿಕೊಂಡು ಅಂದಾಜಿನಲ್ಲಿ ಹೊಡೆಯಬೇಕು.

ಇನ್ಸರ್ಟ್‌ಕೀ:

ಇದು ನನಗೂ ಬೇಕಿತ್ತು. ಎನ್‌ಕ್ರಿಪ್ಟ್ ಮಾಡಿಕೊಂಡಿದ್ದೇನೆ. ಪವರ್ ಒತ್ತಿ ಇಪ್ಪತ್ತು ಎಣಿಸಿ ಹೊಡೆಯುತ್ತೇನೆ, ಹತ್ತರಲ್ಲಿ ಒಂಬತ್ತು ಸಲ ಸರಿಹೋಗುತ್ತದೆ. ಲಿನಕ್ಸನ್ನು ಎಬ್ಬಿಸುವ ಗ್ರಬ್ ಬೂಟ್ ಮೆನುವಿನಲ್ಲಿ ಸದ್ದು ಹಾಕಬಹುದು ಅಂತ ಕೇಳಿದ್ದೆ?

ಟರ್ಮಿನಲ್‌ತಾತ:

ಹಾಕಬಹುದು. ಎಟ್ಸಿ ಒಳಗಿನ ಡೀಫಾಲ್ಟ್ ಫೋಲ್ಡರ್‌ನಲ್ಲಿ 'ಗ್ರಬ್' ಅಂತ ಫೈಲ್ ಇದೆ. ಅದರಲ್ಲಿ 'ಗ್ರಬ್ ಇನಿಟ್ ಟ್ಯೂನ್' ಅನ್ನುವ ಸಾಲಿನ ಮುಂದಿನ ಹ್ಯಾಷ್ ಚಿಹ್ನೆ ಅಳಿಸಿ, ಸೇವ್ ಮಾಡಿ, 'ಸುಡೋ ಅಪ್‌ಡೇಟ್ ಡ್ಯಾಶ್ ಗ್ರಬ್' ಓಡಿಸಿ. ಆದರೆ ನಿಮ್ಮದರಲ್ಲಿ ಇನ್‌ಸ್ಟಾಲರ್ ಬೀಪೇ ಬರಲಿಲ್ಲ ಅಂದಿರಲ್ಲ, ಇದೂ ಬರಲಾರದು. ಅದೇ ಸ್ಪೀಕರ್ ಬೇಕು.

ಇನ್ಸರ್ಟ್‌ಕೀ:

ಮಾಡಿ ನೋಡಿದೆ, ಬರಲಿಲ್ಲ. ಪರವಾಗಿಲ್ಲ ತಾತ. ಇಪ್ಪತ್ತರ ಬದಲು ಇಪ್ಪತ್ತೈದು ಎಣಿಸುತ್ತಿದ್ದೇನೆ ಈಗ, ಹತ್ತಕ್ಕೆ ಹತ್ತು.